ಜೂನ್ 1ರ ಹುಡುಗ

2024ರ ದೀಪಾವಳಿ ಮುಗಿದ ಮರುವಾರ. ಕಾರವಾರದ ನಮ್ಮ ಹೈಸ್ಕೂಲಿನ ಕ್ರೀಡಾ ಕೊಠಡಿಯಲ್ಲಿ ಕೂತು ಜೂನಿಯರ್ ಕೂಟದ ಫಾರ್ಮು ತುಂಬುತ್ತಿದ್ದೆ. ಎದುರಿಗೆ ಹನ್ನೊಂದು ಮಕ್ಕಳ ಆಧಾರ್ ಜೆರಾಕ್ಸು. ಅದರಲ್ಲಿ ನಾಲ್ಕು ಜನ ಹುಟ್ಟಿದ್ದು ಜೂನ್ 1ಕ್ಕೆ. ನಗು ಬಂತು. ನಮ್ಮ ಕಡೆಯವರಿಗೆ ಇದೇನು ಹೊಸದಲ್ಲ ಬಿಡಿ, ಶಾಲೆ ಸುರುವಾಗುವ ದಿನವೇ ಅರ್ಧ ಊರಿನ ಹುಟ್ಟುಹಬ್ಬ. ನನ್ನ ಸ್ವಂತ ಅಣ್ಣ ಕೂಡ ಕಾಗದದಲ್ಲಿ ಜೂನ್ 1ರವನು, ಆಯಿಯನ್ನು, ಅಂದರೆ ಅಮ್ಮನನ್ನು, ಕೇಳಿದರೆ ಅವನು ಹುಟ್ಟಿದ್ದು ನವರಾತ್ರಿಯಲ್ಲಿ.

ಆ ನಾಲ್ವರಲ್ಲಿ ಒಬ್ಬ ಜಾವೆಲಿನ್ ಎಸೆಯುವ ಹುಡುಗ. ಹೆಸರು ಬೇಡ. ಎಂಟನೇ ಇಯತ್ತೆಗೆ ನಮ್ಮ ಶಾಲೆಗೆ ಬಂದವನು, ಶಾಲೆ ಮುಗಿದ ಮೇಲೂ ಸಂಜೆ ಮಾಲಾದೇವಿ ಮೈದಾನಕ್ಕೆ ಬರುವುದು ಬಿಟ್ಟಿರಲಿಲ್ಲ. ಆಧಾರ್‌ನಲ್ಲಿ 01-06-2006. ಪೆನ್ನು ಹಿಡಿದವನು ಸುಮ್ನೆ ಹಾಗೇ ಒಂದು ಲೆಕ್ಕ ಹಾಕಿದೆ. ಮುಂದಿನ ವಿಶ್ವ ಜೂನಿಯರ್ ಅಥ್ಲೆಟಿಕ್ಸ್ ಕೂಟ 2026ರ ಆಗಸ್ಟ್‌ನಲ್ಲಿ, ಅಮೆರಿಕದ ಯೂಜೀನ್‌ನಲ್ಲಿ. 2026ರಲ್ಲಿ 2006 ಕಳೆದರೆ 20. ಮುಗೀತು.

"ನಿಂಗೆ ಯೂಜೀನ್ ಇಲ್ಲ ಮಾರಾಯ, ಒಂದು ವರ್ಷ ಮೊದಲೇ ಹುಟ್ಟಿಬಿಟ್ಟೆ" ಅಂದೆ. ತಮಾಷೆಗೇ ಅಂದಿದ್ದು.

ಅವನು ಕಿಟಕಿಯ ಹತ್ತಿರ ನಿಂತು ಜಾವೆಲಿನ್ ಹಿಡಿಕೆಗೆ ಹೊಸ ದಾರ ಸುತ್ತುತ್ತಿದ್ದ. ತಲೆ ಎತ್ತದೇ ಹೇಳಿದ: "ನಾನು ಹುಟ್ಟಿದ್ದು ಜನವರಿಯಲ್ಲಂತೆ ಸರ್. ಕೂರ್ಮಗಡ ಜಾತ್ರೆ ಮರುದಿನ. ಆಯಿ ಯಾವಾಗ್ಲೂ ಹೇಳ್ತಾಳೆ."

"ಯಾವ ಜನವರಿ?"

"2006ರದ್ದು ಅಲ್ಲ. ಮುಂದಿನದ್ದು."

ಈ ಪ್ರಕರಣ ಸುರುವಾಗಿದ್ದು ಹೀಗೆ. ಇದನ್ನು ಪೂರ್ತಿ ಬರೆದಿಡುತ್ತಿದ್ದೇನೆ, ಯಾಕೆಂದರೆ ನಮ್ಮ ಜಿಲ್ಲೆಯಲ್ಲಿ ಇಂಥ ಮಕ್ಕಳು ಇವನೊಬ್ಬನೇ ಅಲ್ಲ ಅನ್ನೋದು ಆ ಹನ್ನೊಂದು ಜೆರಾಕ್ಸಿನಲ್ಲೇ ಗೊತ್ತಾಗಿತ್ತು.

ಮೊದಲು ನಿಯಮ. 1986ರಲ್ಲಿ ಅಥೆನ್ಸ್‌ನಲ್ಲಿ ಸುರುವಾದ ವಿಶ್ವ ಜೂನಿಯರ್ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್‌ಗೆ ಈಗ ವಿಶ್ವ 20 ವರ್ಷದೊಳಗಿನವರ ಚಾಂಪಿಯನ್‌ಷಿಪ್ ಅಂತ ಹೆಸರು. ನಡೆಯುವುದು ಎರಡು ವರ್ಷಕ್ಕೊಮ್ಮೆ, ಸಮ ಸಂಖ್ಯೆಯ ವರ್ಷಗಳಲ್ಲಿ. ಕೂಟ ಯಾವ ತಿಂಗಳಲ್ಲೇ ಇರಲಿ, ವಯಸ್ಸು ಎಣಿಸುವುದು ಆ ವರ್ಷದ ಡಿಸೆಂಬರ್ 31ಕ್ಕೆ. ಅವತ್ತಿಗೆ 16ಕ್ಕಿಂತ ಕಡಿಮೆ ಇರಬಾರದು, 19 ದಾಟಿರಬಾರದು. ಅಂದರೆ ಹುಟ್ಟಿದ ದಿನ, ತಿಂಗಳು ಲೆಕ್ಕಕ್ಕೇ ಇಲ್ಲ, ವರ್ಷ ಮಾತ್ರ. 2024ರ ಲಿಮಾ ಕೂಟಕ್ಕೆ 2005ರಿಂದ 2008ರವರೆಗೆ ಹುಟ್ಟಿದವರು, 2026ರ ಯೂಜೀನ್‌ಗೆ 2007ರಿಂದ 2010ರವರೆಗೆ ಹುಟ್ಟಿದವರು.

ಇದರಲ್ಲಿ ಒಂದು ಕಿತಾಪತಿ ಇದೆ, ನಾನು ಇಪ್ಪತ್ತು ವರ್ಷ ಪಿ.ಟಿ. ಮಾಸ್ತರಿಕೆ ಮಾಡಿಯೂ ಅವತ್ತಿನವರೆಗೆ ಗಮನಿಸಿರಲಿಲ್ಲ. ಬೆಸ ವರ್ಷದಲ್ಲಿ ಹುಟ್ಟಿದವರಿಗೆ 17ಕ್ಕೊಮ್ಮೆ, 19ಕ್ಕೊಮ್ಮೆ ಅವಕಾಶ. ಸಮ ವರ್ಷದವರಿಗೆ 16ಕ್ಕೊಮ್ಮೆ, 18ಕ್ಕೊಮ್ಮೆ. ಎಲ್ಲರಿಗೂ ಎರಡೆರಡೇ. ಆದರೆ 16-18 ಮತ್ತು 17-19 ಒಂದೇ ಅಲ್ವಲ್ಲ. ಆ ವಯಸ್ಸಿನಲ್ಲಿ ಒಂದು ವರ್ಷ ಅಂದರೆ ಭುಜ, ಸೊಂಟ, ತೊಡೆ ಎಲ್ಲ ಬೇರೆಯೇ. ಎಸೆತದವರಿಗಂತೂ 18ಕ್ಕೂ 19ಕ್ಕೂ ಇರುವ ವ್ಯತ್ಯಾಸ ಬೋಟು ಮತ್ತು ಪಾತಿ ದೋಣಿಯದ್ದು.

ಹಾಗಂತ ಸಮ ವರ್ಷದವರು ಗೆಲ್ಲಲ್ಲ ಅಂತಲ್ಲ. ಅಸ್ಸಾಮಿನ ಹಿಮಾ ದಾಸ್ ಹುಟ್ಟಿದ್ದು 2000ದ ಜನವರಿಯಲ್ಲಿ. ಅವರಿಗೆ ಲೆಕ್ಕಕ್ಕೆ ಸಿಕ್ಕಿದ್ದು 2018ರ ಟಾಂಪೆರೆ ಕೂಟ ಒಂದೇ. ಅಲ್ಲಿ 400 ಮೀಟರನ್ನು 51.46 ಸೆಕೆಂಡಿನಲ್ಲಿ ಓಡಿ ಚಿನ್ನ ತಂದರು. ಕೊನೆಯ ತಿರುವು ಮುಗಿಯುವಾಗಲೂ ಹಿಂದಿದ್ದವರು, ನೇರ ಓಟದಲ್ಲಿ ಎಲ್ಲರನ್ನೂ ದಾಟಿಬಿಟ್ಟರು. ಕೊರೊನಾ ಬಂದಾಗ ಈ ಲೆಕ್ಕವೇ ಒಮ್ಮೆ ತಿರುವುಮುರುವಾಯ್ತು. 2020ರ ನೈರೋಬಿ ಕೂಟ 2021ರ ಆಗಸ್ಟ್‌ಗೆ ಹೋಯ್ತು, ವಯಸ್ಸಿನ ಲೆಕ್ಕವೂ ಅದರ ಜೊತೆಗೇ ಹೋಯ್ತು. 2001ರಲ್ಲಿ ಹುಟ್ಟಿ, 19ಕ್ಕೆ ನೈರೋಬಿ ಅಂತ ಕಾದು ಕೂತವರು ಏನೂ ತಪ್ಪು ಮಾಡದೇ ಹೊರಗೆ ಉಳಿದರು. ಮರುವರ್ಷವೇ ಕ್ಯಾಲಿ ಕೂಟ, ಹಾಗಾಗಿ ಕೆಲವರಿಗೆ ವರ್ಷಕ್ಕೊಂದರಂತೆ ಎರಡು ಸಿಕ್ಕವು. ನಮ್ಮ ಕರ್ನಾಟಕದ ಪ್ರಿಯಾ ಮೋಹನ್ ನೈರೋಬಿಯಲ್ಲಿ ಕಂಚು, ಕ್ಯಾಲಿಯಲ್ಲಿ ಬೆಳ್ಳಿ ಗೆದ್ದ 4x400 ಮಿಶ್ರ ರಿಲೇ ತಂಡಗಳೆರಡರಲ್ಲೂ ಇದ್ದರು.

ಈಗ ನಮ್ಮ ಹುಡುಗನ ವಿಷಯ. 2006 ಆದರೆ ಅವನದ್ದು 16-18, ಲಿಮಾಕ್ಕೆ ಮುಗಿದುಹೋದ ಬಾಬತ್ತು. 2007 ಆದರೆ 17-19, ಯೂಜೀನ್ ಬಾಗಿಲು ಇನ್ನೂ ತೆರೆದಿದೆ. ನಡುವೆ ಇರುವುದು ಬರೀ ಏಳು ತಿಂಗಳು.

ಮೊದಲು ನನಗೆ ಬೇಕಾಗಿದ್ದು ಇದು ನಿಜವೋ ಅಲ್ಲವೋ ಅನ್ನೋದು. ತಾಯಂದಿರ ಲೆಕ್ಕವನ್ನು ನಾನು ಹಗುರಾಗಿ ತಗೊಳ್ಳುವುದಿಲ್ಲ, ಆದರೆ ಬರೀ ಅದರ ಮೇಲೆ ನಡೆಯುವುದೂ ಆಗುವುದಿಲ್ಲ. ಮರುದಿನ ಸಂಜೆ ಅವರ ಮನೆಗೆ ಹೋದೆ. ಅಪ್ಪ ಬೈತಖೋಲ ಬಂದರಿನ ಪರ್ಸಿನ್ ಮೀನುಗಾರಿಕೆ ಬೋಟಿನಲ್ಲಿ ಕಲಾಸಿ, ಅಂದರೆ ಕೆಲಸದಾಳು, ಸಮುದ್ರಕ್ಕೆ ಹೋಗಿದ್ದರು. ಆಯಿ ಇದ್ದರು. ಚಾ ಇಟ್ಟು, ಕೂತು, ಒಂದೂ ತಡವರಿಸದೇ ಹೇಳಿದರು.

ಅವರ ತವರು ಕಾಳಿ ನದಿಯಾಚೆ. ಎರಡನೇ ಹೆರಿಗೆಗೆ ಅಲ್ಲಿಗೆ ಹೋಗಿದ್ದರು. ಅವತ್ತು ಕೂರ್ಮಗಡದ ನರಸಿಂಹ ದೇವರ ಜಾತ್ರೆ, ಮನೆಯ ಗಂಡಸರೆಲ್ಲ ಬೋಟು ಹತ್ತಿ ದ್ವೀಪಕ್ಕೆ ಹೋಗಿದ್ದರು. ರಾತ್ರಿ ನೋವು ಸುರುವಾಯ್ತು. ಮರುದಿನ ಬೆಳಗಿನ ಜಾವ ಮನೆಯಲ್ಲೇ ಹೆರಿಗೆ. "ಜಾತ್ರೆ ಬಾಳೆಹಣ್ಣು ಇನ್ನೂ ಚೀಲದಲ್ಲೇ ಇತ್ತು ಮಾಸ್ತರೆ, ಇಂವ ಬಂದ" ಅಂದರು.

ಕೂರ್ಮಗಡ ಜಾತ್ರೆ ನಡೆಯುವುದು ಪುಷ್ಯ ಹುಣ್ಣಿಮೆಗೆ. ಮನೆಗೆ ಬಂದವನೇ ಹುಡುಕಿದೆ. 2007ರಲ್ಲಿ ಆ ಹುಣ್ಣಿಮೆ ಬಿದ್ದದ್ದು ಜನವರಿ 3, ಬುಧವಾರ. ಮರುದಿನ ಅಂದರೆ ಜನವರಿ 4. 2006ರಲ್ಲಾಗಿದ್ದರೆ ಹುಣ್ಣಿಮೆ ಜನವರಿ ಮಧ್ಯಕ್ಕೆ, ಸಂಕ್ರಾಂತಿ ಹತ್ತಿರ ಬರುತ್ತಿತ್ತು. ಆಯಿ ಇನ್ನೊಂದು ಮಾತು ಹೇಳಿದ್ದರು: ಮಗುವಿನ ಹತ್ತನೇ ದಿನದ ಪುಣ್ಯಾಹ ಮತ್ತು ಸಂಕ್ರಾಂತಿ ಒಂದರ ಬೆನ್ನಿಗೆ ಒಂದು ಬಂದು, ಎಳ್ಳುಬೆಲ್ಲ ಅಲ್ಲೇ ಹಂಚಿದ್ದು. 4ಕ್ಕೆ ಹತ್ತು ದಿನ ಸೇರಿಸಿ ನೋಡಿ. ನನಗೆ ಆವಾಗಲೇ ನಂಬಿಕೆ ಬಂತು.

ಹಾಗಾದರೆ ಜೂನ್ 1, 2006 ಎಲ್ಲಿಂದ ಬಂತು?

ಅದಕ್ಕೆ ಅವನ ಪ್ರಾಥಮಿಕ ಶಾಲೆಯ ಅಕ್ಕೋರನ್ನು ಹುಡುಕಿಕೊಂಡು ಹೋದೆ. ನಿವೃತ್ತಿಯಾಗಿ ಮನೆಯಲ್ಲಿದ್ದಾರೆ. ಮೊದಲು ನೆನಪಾಗಲಿಲ್ಲ, ಆಮೇಲೆ ಅಕ್ಕನ ಹೆಸರು ಹೇಳಿದಾಗ ಜ್ಞಾಪಕ ಬಂತು. 2012ರ ಜೂನ್. ಅಕ್ಕ ಮೂರನೇ ಇಯತ್ತೆ. ಆಯಿ ಮೀನು ಮಾರಲು ಪೇಟೆಗೆ ಹೋದರೆ ಈ ಸಣ್ಣವನನ್ನು ನೋಡಿಕೊಳ್ಳುವವರಿಲ್ಲ, ಅಕ್ಕನ ಸೆರಗು ಹಿಡಿದು ದಿನಾ ಶಾಲೆಗೆ ಬಂದು ಕೂರುತ್ತಿದ್ದ. ಐದು ವರ್ಷ ಐದು ತಿಂಗಳು. ಒಂದನೇ ಇಯತ್ತೆಗೆ ವಯಸ್ಸು ಸಾಲುತ್ತಿರಲಿಲ್ಲ. "ಮತ್ತೆ ಒಂದು ವರ್ಷ ಮನೆಯಲ್ಲಿ ಬಿಟ್ರೆ ಈ ಹುಡುಗ ಬಂದರಿನಲ್ಲೇ ಬೆಳೀತಾನೆ ಅನ್ನಿಸ್ತು. ಶಾಲೆಗೆ ಹಾಜರಿ ಸಂಖ್ಯೆಯೂ ಬೇಕಿತ್ತು, ಸುಳ್ಳು ಯಾಕೆ ಹೇಳ್ಲಿ. ಜೂನ್ 1 ಹಾಕಿ ಸೇರಿಸ್ಕೊಂಡೆ." ಆವತ್ತು ಕರೆದುಕೊಂಡು ಬಂದವನು ಸೋದರಮಾವ, ಅವನು ಕೇಳಿದ ಕಡೆ ಸಹಿ ಹಾಕಿ ಹೋದ.

ಅಕ್ಕೋರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಆ ಹುಡುಗ ಶಾಲೆಗೆ ಬಂದದ್ದೇ ಅವರಿಂದ. ಹೊರಡುವಾಗ ಗೇಟಿನ ತನಕ ಬಂದು ಮೆಲ್ಲಗೆ ಕೇಳಿದರು: "ಇದರಿಂದ ನನ್ನ ಪೆನ್ಷನ್‌ಗೆ ಏನೂ ತೊಂದ್ರೆ ಇಲ್ಲ ಅಲ್ವಾ?" ಇಲ್ಲ ಅಂದೆ, ಇಲ್ಲ ಅಂತಲೇ ನಾನೂ ಅಂದುಕೊಂಡಿದ್ದೆ, ವಕೀಲರನ್ನು ಕೇಳಿ ಖಾತ್ರಿ ಮಾಡಿಕೊಂಡು ಎರಡು ದಿನ ಬಿಟ್ಟು ಫೋನು ಮಾಡಿ ಮತ್ತೊಮ್ಮೆ ಹೇಳಿದೆ.

ಶಾಲೆಯ ದಾಖಲಾತಿ ರಿಜಿಸ್ಟರಿನಲ್ಲಿ ಬಿದ್ದ ತಾರೀಖು ಅಲ್ಲಿಂದ ಟಿಸಿಗೆ ಹೋಯ್ತು, ಟಿಸಿಯಿಂದ ನಮ್ಮ ಹೈಸ್ಕೂಲಿಗೆ, ಅಲ್ಲಿಂದ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ. ಆಧಾರ್ ಮಾಡಿಸಿದ್ದೂ ಶಾಲೆಯ ಕಾಗದ ತೋರಿಸಿ. ಬ್ಯಾಂಕ್ ಪಾಸ್‌ಬುಕ್ಕು, ಬಸ್ ಪಾಸು ಎಲ್ಲ ಅದರ ಮಕ್ಕಳು ಮರಿಮಕ್ಕಳು. ಹೈಸ್ಕೂಲಿನಲ್ಲಿ ವಲಯ, ತಾಲೂಕು, ಜಿಲ್ಲೆ, ಬೆಳಗಾವಿ ವಿಭಾಗ ಅಂತ ಒಂದೊಂದೇ ಮೆಟ್ಟಿಲು ಹತ್ತುವಾಗ ಅವನ ಅರ್ಹತಾ ಪತ್ರಕ್ಕೆ ಸಹಿ ಹಾಕಿದವನು ನಾನೇ. ಮೂರು ವರ್ಷ. ಒಮ್ಮೆಯೂ "ನೀನು ನಿಜವಾಗಿ ಯಾವಾಗ ಹುಟ್ಟಿದ್ದು?" ಅಂತ ಕೇಳಿರಲಿಲ್ಲ. ಎಸ್ಸೆಸ್ಸೆಲ್ಸಿಗೆ ಮೊದಲು ಕೇಳಿದ್ದರೆ ದಾರಿ ಇಷ್ಟು ಉದ್ದ ಆಗುತ್ತಿರಲಿಲ್ಲ. ಈ ಪ್ರಕರಣದಲ್ಲಿ ನನ್ನ ಪಾಲಿನ ತಪ್ಪು ಅದು, ಬರೆದಿಡುತ್ತೇನೆ.

ಪಾಸ್‌ಪೋರ್ಟ್ ಮಾತ್ರ ಮಾಡಿಸಿರಲಿಲ್ಲ. ಅದೊಂದು ಪುಣ್ಯ. ಹೊರದೇಶದ ಕೂಟಗಳಲ್ಲಿ ವಯಸ್ಸು ನೋಡುವುದು ಪಾಸ್‌ಪೋರ್ಟಿನಿಂದ, ಒಮ್ಮೆ ಅಲ್ಲಿ ಒಂದು ತಾರೀಖು ಅಚ್ಚಾದ ಮೇಲೆ ಬದಲಿಸುವುದು ಎಂದರೆ ನೋಡುವವರ ಹುಬ್ಬೇ ಬೇರೆ ಥರ ಮೇಲೇರುತ್ತದೆ.

ನಂತರ ಕಾಗದದ ಬೇಟೆ. ಆಯಿಯ ತವರಿನಲ್ಲಿ ಒಂದು ಟ್ರಂಕು ಇತ್ತು, ಒಳಗೆ ಹಳೆ ಪಟ್ಟೆ ಸೀರೆ, ರೇಷನ್ ಕಾರ್ಡು, ಯಾರದೋ ಮದುವೆ ಕಾಗದ, ಅದರಡಿಗೆ ಪ್ಲಾಸ್ಟಿಕ್ ಕವರಿನಲ್ಲಿ ಮಡಚಿಟ್ಟ ಲಸಿಕೆ ಕಾರ್ಡು. ಮಡಿಕೆಯ ಜಾಗದಲ್ಲಿ ಹರಿದು ಎರಡಾಗಿತ್ತು. ಶಾಯಿ ಕಂದುಬಣ್ಣಕ್ಕೆ ತಿರುಗಿತ್ತು. ಮಗುವಿನ ಹೆಸರಿನ ಜಾಗದಲ್ಲಿ ತಾಯಿಯ ಹೆಸರು ಬರೆದು ಮುಂದೆ 'ಗಂಡು'. ಬಿಸಿಜಿ ಎದುರಿಗೆ 11/1/07, ನರ್ಸ್ ಬಾಯಿಯ ಚಿಕ್ಕ ಸಹಿ. ಹುಡುಗ ಅದನ್ನು ಕೈಯಲ್ಲಿ ಹಿಡಿದು ತನ್ನ ಎಡ ತೋಳಿನ ಮೇಲಿನ ಬಿಸಿಜಿ ಕಲೆಯನ್ನು ನೋಡಿಕೊಂಡ. ಜೂನ್ 2006ಕ್ಕೆ ಹುಟ್ಟಿದ ಮಗುವಿಗೆ ಏಳು ತಿಂಗಳಿಗೆ ಬಿಸಿಜಿ ಹಾಕುತ್ತಾರೆಯೇ? ಹಾಕಬಹುದು, ತಡವಾಗಿ. ಆದರೆ ಅದೇ ಸಾಲಿನಲ್ಲಿ ಮುಂದಿನ ಪೋಲಿಯೊ, ತ್ರಿರೋಗ ಲಸಿಕೆ ಎಲ್ಲ ಒಂದೂವರೆ ತಿಂಗಳಿನ ಲೆಕ್ಕಕ್ಕೆ ಸರಿಯಾಗಿ ಫೆಬ್ರುವರಿ ಕೊನೆಗೆ ಸುರುವಾಗಿತ್ತು.

ಇನ್ನೊಂದು ಗಟ್ಟಿ ಕಾಗದ ಬೇಕಿತ್ತು, ಜನನ ನೋಂದಣಿ. ಮನೆಯಲ್ಲಿ ಹುಟ್ಟಿದ್ದರಿಂದ ನೋಂದಣಿಯೇ ಆಗಿಲ್ಲವೇನೋ ಅಂತ ಹೆದರಿಕೆ. ಅಜ್ಜ, ಆಯಿಯ ಅಪ್ಪ, ಅಂಥ ವಿಷಯದಲ್ಲಿ ಶಿಸ್ತಿನವರಂತೆ, ಶಾನುಭೋಗರ ಹತ್ತಿರ ಹೋಗಿ ಬರೆಸಿದ್ದೇನೆ ಅಂತ ಹೇಳುತ್ತಿದ್ದರಂತೆ. ಅಜ್ಜ ಈಗಿಲ್ಲ. ಕಾಳಿ ನದಿಯ ಹಳೆ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಬಿದ್ದಿತ್ತಲ್ಲ, ಅದಾಗಿ ಮೂರು ತಿಂಗಳು, ಉಳಿದ ಒಂದೇ ಸೇತುವೆಯ ಮೇಲೆ ಎರಡೂ ಕಡೆಯ ಲಾರಿ ಬಸ್ಸುಗಳ ಸಾಲು. ಆ ಸಾಲಿನಲ್ಲಿ ನಾನೂ ಹುಡುಗನೂ ಸ್ಕೂಟರಿನಲ್ಲಿ ಎಷ್ಟು ಸಲ ಆಚೆ ಈಚೆ ಹೋದೆವೋ ಲೆಕ್ಕ ಇಟ್ಟಿಲ್ಲ. ಕಡೆಗೂ ಹಳೆ ರಿಜಿಸ್ಟರಿನಲ್ಲಿ ಸಿಕ್ಕಿತು. ಹುಟ್ಟಿದ ತಾರೀಖು 4-1-2007. ನೋಂದಣಿಯಾದದ್ದು ಅದೇ ತಿಂಗಳು, ಕಾನೂನು ಕೊಟ್ಟ 21 ದಿನದ ಒಳಗೇ. ತಂದೆಯ ಹೆಸರು ಸರಿ, ತಾಯಿಯ ಹೆಸರು ಸರಿ. ಮಗುವಿನ ಹೆಸರಿನ ಜಾಗ ಖಾಲಿ.

ಇದೂ ನಮ್ಮ ಕಡೆ ಮಾಮೂಲು. ನಾಮಕರಣಕ್ಕೆ ಮೊದಲೇ ನೋಂದಣಿ ಮಾಡಿಸುತ್ತಾರೆ, ಹೆಸರು ಆಮೇಲೆ ಸೇರಿಸುತ್ತೇವೆ ಅನ್ನುತ್ತಾರೆ, ಸೇರಿಸುವುದಿಲ್ಲ. ನಿಯಮದ ಪ್ರಕಾರ 15 ವರ್ಷದೊಳಗೆ ಹೆಸರು ಸೇರಿಸಬೇಕು. ಅವನ 15 ವರ್ಷ ಮುಗಿದದ್ದು 2022ರ ಜನವರಿಗೆ. ಆಗ ಅವನು ಹತ್ತನೇ ಇಯತ್ತೆಯಲ್ಲಿ ನನ್ನ ಎದುರಿಗೇ ಇದ್ದ.

ಇಲ್ಲಿಗೆ ವಿಷಯ ನಿಂತಿದ್ದು ಹೀಗೆ: ಒಂದು ಕಡೆ ಹೆಸರೇ ಇಲ್ಲದ ನಿಜವಾದ ತಾರೀಖು. ಇನ್ನೊಂದು ಕಡೆ ಹೆಸರು, ಫೋಟೊ, ಬೆರಳಚ್ಚು ಎಲ್ಲ ಇರುವ ತಪ್ಪು ತಾರೀಖು.

ನನ್ನ ಜೊತೆಯ ಇಬ್ಬರು ಮಾಸ್ತರರಿಗೆ ಹೇಳಿದಾಗ ಒಬ್ಬರು ಜೋರಾಗಿ ನಕ್ಕರು. "ಏಳು ತಿಂಗಳು ಸಣ್ಣವನಾಗ್ತಾನಾ? ಅದೂ ಸರಿಯಾಗಿ ಯೂಜೀನ್‌ಗೆ ಬೇಕಾದಷ್ಟೇ? ಚಂದ ಇದೆ." ನನಗೆ ಮೈ ಉರಿಯಿತು, ಆದರೆ ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಅನ್ನುತ್ತಿದ್ದೆ. ನಮ್ಮ ಮೈದಾನಗಳಲ್ಲಿ ವಯಸ್ಸು ಕದಿಯುವುದು ಎಷ್ಟು ನಡೆಯುತ್ತದೆ ಅಂತ ಎಲ್ಲರಿಗೂ ಗೊತ್ತು. ಹದಿನಾಲ್ಕರೊಳಗಿನವರ ಓಟಕ್ಕೆ ಗಡ್ಡ ಬೋಳಿಸಿಕೊಂಡು ಬಂದವರನ್ನು ನೋಡಿದ್ದೇನೆ. ಒಂದು ಸಲ, ಬಹಳ ಹಿಂದೆ, ನಮ್ಮದೇ ತಂಡದಲ್ಲಿ ಒಬ್ಬನ ಕಾಗದ ಸರಿಯಿಲ್ಲ ಅಂತ ಗೊತ್ತಿದ್ದೂ ನಾನು ಸುಮ್ಮನಿದ್ದೆ. ಅವನ ಜೊತೆ ಓಡಿ ನಾಲ್ಕನೆಯವನಾಗಿ ಬಂದ ಹುಡುಗನ ಮುಖ ಇನ್ನೂ ನೆನಪಿದೆ.

ಕೇಂದ್ರ ಸರ್ಕಾರ 2010ರಲ್ಲೇ ಕ್ರೀಡೆಯಲ್ಲಿ ವಯಸ್ಸಿನ ವಂಚನೆ ತಡೆಯಲು ಸಂಹಿತೆ ತಂದಿದೆ. ಮಣಿಕಟ್ಟಿನ ಎಕ್ಸ್‌ರೇ ತೆಗೆದು ಎಲುಬಿನ ಬೆಳವಣಿಗೆ ನೋಡುವ ಟಿಡಬ್ಲ್ಯು3 ಪರೀಕ್ಷೆಯೂ ಇದೆ. ನಾನು ಅದರ ಆಸೆಗೆ ಬಿದ್ದೆ. ಎಕ್ಸ್‌ರೇ ತೆಗೆಸಿ ಎಲ್ಲರ ಬಾಯಿ ಮುಚ್ಚಿಸಬಹುದಲ್ಲ ಅಂತ. ಪರಿಚಯದ ಎಲುಬಿನ ಡಾಕ್ಟರು ಕೂರಿಸಿ ತಿಳಿಸಿದರು: ಗಂಡು ಹುಡುಗರ ಮಣಿಕಟ್ಟಿನ ಎಲುಬು ಹದಿನಾರು ಹದಿನೇಳಕ್ಕೆ ಬಲಿತು ಮುಗಿಯುತ್ತದೆ, ಆಮೇಲೆ ಹದಿನೆಂಟರವನದ್ದೂ ಇಪ್ಪತ್ತೆರಡರವನದ್ದೂ ಒಂದೇ ಥರ ಕಾಣುತ್ತದೆ. ಅಷ್ಟೇ ಅಲ್ಲ, ಸಣ್ಣ ವಯಸ್ಸಿನಲ್ಲಿ ತೆಗೆದರೂ ಏಳು ತಿಂಗಳಿನ ಫರಕನ್ನು ಅದು ಹಿಡಿಯಲಾರದು. ನಾಲ್ಕೈದು ವರ್ಷ ಕದ್ದವನನ್ನು ಹಿಡಿಯಲು ಇರುವ ಬಲೆ ಅದು, ನಮ್ಮದು ಅದರ ಕಣ್ಣಿಗೆ ಸಿಗದ ಬೆಳ್ಳಂಜಿ ಮೀನು.

ಈ ನಡುವೆ ಆ ತಪ್ಪು ತಾರೀಖು ಅವನ ಮೈಮೇಲೆ ಏನು ಮಾಡಿತು ಅನ್ನೋದು ನನಗೆ ನಿಧಾನಕ್ಕೆ ಹೊಳೆಯಿತು. ಜಾವೆಲಿನ್‌ನಲ್ಲಿ 18ರೊಳಗಿನ ಹುಡುಗರಿಗೆ 700 ಗ್ರಾಂ, 20ರೊಳಗಿನವರಿಗೆ 800 ಗ್ರಾಂ. ಗುಂಡು ಎಸೆತ, ಚಕ್ರ ಎಸೆತದಲ್ಲಿ ಜೂನಿಯರ್ ಹುಡುಗರಿಗೆ ಹಿರಿಯರಿಗಿಂತ ಹಗುರಾದದ್ದು ಕೊಡುತ್ತಾರೆ, 6 ಕಿಲೋ ಗುಂಡು, 1.75 ಕಿಲೋ ಚಕ್ರ. ಜಾವೆಲಿನ್‌ಗೆ ಆ ರಿಯಾಯಿತಿ ಇಲ್ಲ. 800 ಅಂದರೆ ನೀರಜ್ ಚೋಪ್ರಾ ಎಸೆಯುವ 800ವೇ. ಕಾಗದದ ಪ್ರಕಾರ ಅವನಿಗೆ 2024ರ ಜೂನ್‌ಗೇ 18 ತುಂಬಿತ್ತು, ಹಾಗಾಗಿ ಆ ಮಳೆಗಾಲದಲ್ಲೇ 800ಕ್ಕೆ ಹಾಕಿದೆ. ನಿಜವಾಗಿ ಅವನಿಗೆ ಆಗ ಹದಿನೇಳೂವರೆ.

ಅಲ್ಲಿಯವರೆಗೆ ಅವನು ಜಾಸ್ತಿ ಎಸೆದದ್ದು ಬಿದಿರಿನ ಭರ್ಚಿ. ಶಾಲೆಗಳಿಗೆ ಬರುತ್ತದಲ್ಲ, ತುದಿಗೆ ಕಬ್ಬಿಣದ ಮೂತಿ ಹಾಕಿದ್ದು, ಅದು. ಗಾಳಿಯಲ್ಲಿ ಬಾಲ ಅಲ್ಲಾಡಿಸುತ್ತ ಹೋಗುತ್ತದೆ, ಒಂದೊಂದರ ತೂಕ ಒಂದೊಂದು ಥರ. ಅದರಲ್ಲಿ ಕಲಿತ ಕೈಗೆ ಒಮ್ಮೆಲೇ ಲೋಹದ 800 ಗ್ರಾಂ. ಮಾಲಾದೇವಿ ಮೈದಾನದಲ್ಲಿ ಮಳೆಗಾಲಕ್ಕೆ ಓಡಿಬರುವ ಜಾಗವೆಲ್ಲ ರಾಡಿ, ಕೊನೆಯ ಹೆಜ್ಜೆಗೆ ಎಡಗಾಲು ಗಟ್ಟಿ ಊರಲು ಆಗುವುದಿಲ್ಲ, ಕಾಲು ಜಾರಿದರೆ ಭಾರವೆಲ್ಲ ಮೊಣಕೈಗೆ ಬರುತ್ತದೆ. ಮಳೆ ಬಿಟ್ಟ ದಿನ ಟಾಗೋರ್ ಕಡಲತೀರಕ್ಕೆ ಹೋಗಿ ನೀರು ಇಳಿದಾಗ ಗಟ್ಟಿ ಮರಳಿನ ಮೇಲೆ ಎಸೆಯುತ್ತಿದ್ದೆವು, ಅದೂ ವಾಕಿಂಗಿನವರು ಬರುವ ಮೊದಲು. ಆಗಸ್ಟ್ ಕೊನೆಗೆ ಮೊಣಕೈ ಒಳಭಾಗ ನೋವು ಅಂದ. ಆರು ವಾರ ಎಸೆತ ಬಂದ್. ಅದೇ ವಾರ ಲಿಮಾದಲ್ಲಿ ಅವನ ವಾರಗೆಯವರು ಎಸೆಯುತ್ತಿದ್ದರು. ನೋವಿಗೆ ಕಾರಣ ನನ್ನ ಆತುರ ಅಂತ ಆಗ ಅಂದುಕೊಂಡಿದ್ದೆ. ಅದೂ ಹೌದು. ಆದರೆ ಆತುರ ಹುಟ್ಟಿದ್ದು ಆ ಜೂನ್ 1ರಿಂದ.

ಅವನಿಗೆ ಈ ಆಟದ ಹುಚ್ಚು ಹತ್ತಿದ್ದರ ಹಿಂದೆ ನಮ್ಮ ಜಿಲ್ಲೆಯದೇ ಒಂದು ಕಾರಣ ಇದೆ. 2010ರ ದಿಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 74.29 ಮೀಟರ್ ಎಸೆದು ಕಂಚು ಗೆದ್ದ ಕಾಶಿನಾಥ ನಾಯ್ಕ ಶಿರಸಿ ತಾಲೂಕಿನವರು. ಶಿರಸಿಯ ಮಾರಿಕಾಂಬಾ ಕ್ರೀಡಾಂಗಣಕ್ಕೆ ಕೂಟಕ್ಕೆ ಹೋದಾಗೆಲ್ಲ ಈ ಹೆಸರು ಯಾರಾದರೂ ಎತ್ತುತ್ತಾರೆ. ಹುಡುಗ ಒಂಬತ್ತನೇ ಇಯತ್ತೆಯಲ್ಲಿ ಅದನ್ನು ಕೇಳಿ ಬಂದು "ಸರ್, ಘಟ್ಟದ ಮೇಲಿನವರಿಗೆ ಆಗುತ್ತೆ ಅಂದ್ರೆ ನಮಗೂ ಆಗ್ಬೇಕಲ್ಲ" ಅಂದಿದ್ದ.

ಆದರೂ ನೇರವಾಗಿ ಹೇಳಬೇಕು. ಅವನ 800 ಗ್ರಾಂ ಎಸೆತ ಈಗ 58 ಮೀಟರ್ ಆಸುಪಾಸು. 2016ರಲ್ಲಿ ಪೋಲೆಂಡಿನ ಬಿಡ್‌ಗೋಷ್‌ನಲ್ಲಿ ನೀರಜ್ 86.48 ಮೀಟರ್ ಎಸೆದು ವಿಶ್ವ ಜೂನಿಯರ್ ದಾಖಲೆ ಮಾಡಿದ ದಿನ ಕಂಚಿನ ಪದಕಕ್ಕೇ 79.65 ಬೇಕಾಯ್ತು. ಆ ಕಂಚು ಗೆದ್ದ ಗ್ರೆನಡಾದ ಆಂಡರ್ಸನ್ ಪೀಟರ್ಸ್ ಮುಂದೆ 2019 ಮತ್ತು 2022ರಲ್ಲಿ ಹಿರಿಯರ ವಿಶ್ವ ಚಾಂಪಿಯನ್ ಆದ. ಒಂದು ಸ್ಪರ್ಧೆಗೆ ಒಂದು ದೇಶದಿಂದ ಇಬ್ಬರೇ. ಹಾಗಾಗಿ ತಾರೀಖು ಸರಿಯಾದರೂ ನಮ್ಮ ಹುಡುಗ ಯೂಜೀನ್‌ಗೆ ಹೋಗುವುದು ಬಹಳ ದೂರದ ಮಾತು. ಅವನ ಅಪ್ಪನಿಗೂ ಇದನ್ನೇ ಹೇಳಿದೆ.

ಹಾಗಾದರೆ ಇಷ್ಟೆಲ್ಲ ಯಾಕೆ? ಅಪ್ಪ ಕೇಳಿದ್ದೂ ಅದನ್ನೇ. ಯೂಜೀನ್ ನಮಗೆ ಲೆಕ್ಕ ಹಾಕಲು ಒಂದು ನೆಪವಾಯ್ತು ಅಷ್ಟೇ. ಅವನಿಗೆ ಸಿಗಬೇಕಾದದ್ದು ಜೂನಿಯರ್ ವಿಭಾಗದಲ್ಲಿ ಇನ್ನೊಂದು ವರ್ಷ. 2026ರಲ್ಲಿ ರಾಜ್ಯ ಕೂಟ, ಒಂದು ರಾಷ್ಟ್ರೀಯ ಜೂನಿಯರ್, ಯಾರಾದರೂ ತರಬೇತುದಾರರು ನೋಡಿ ಹಾಸ್ಟೆಲಿಗೆ ಕರೆಯುವ ಒಂದು ಅವಕಾಶ. ಆ ವರ್ಷ ಕಳೆದರೆ ನೇರ ಹಿರಿಯರ ಸಾಲಿಗೆ. ಅಲ್ಲಿ ಯಾರಿದ್ದಾರೆ ನೋಡಿ: 2023ರ ಬುಡಾಪೆಸ್ಟ್ ವಿಶ್ವ ಚಾಂಪಿಯನ್‌ಷಿಪ್‌ನ ಮೊದಲ ಆರು ಜನರಲ್ಲಿ ಮೂವರು ಭಾರತದವರೇ. ನೀರಜ್ ಮೊದಲನೆಯವರು, ಕಿಶೋರ್ ಜೇನಾ ಐದನೆಯವರು, ನಮ್ಮ ಹಾಸನ ಜಿಲ್ಲೆಯ ಮನು ಆರನೆಯವರು. ಹತ್ತೊಂಬತ್ತರ ಹುಡುಗ ಆ ಸಾಲಿನ ಬಾಲದಲ್ಲಿ ನಿಂತು ಎಷ್ಟು ವರ್ಷ ಕಾಯುತ್ತಾನೆ? ಬೋಟು ಹತ್ತುತ್ತಾನೆ. ನೀರಜ್ ಕೂಡ ಒಂದು ತಾರೀಖಿಗೆ ಸೋತವರೇ ಅಂತ ಅಪ್ಪನಿಗೆ ಹೇಳಿದೆ. ರಿಯೊ ಒಲಿಂಪಿಕ್ಸ್‌ಗೆ 83 ಮೀಟರ್ ಸಾಕಿತ್ತು, ಆದರೆ ಗಡುವು 2016ರ ಜುಲೈ 11. ಅವರು 86.48 ಎಸೆದದ್ದು ಜುಲೈ 23ಕ್ಕೆ. ಹನ್ನೆರಡು ದಿನ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವ್ರಿಗೆ ಹನ್ನೆರಡು ದಿನ, ಇವ್ನಿಗೆ ಏಳು ತಿಂಗ್ಳು" ಅಂದರು.

ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಬಂದ ಮೇಲೆ ತಾರೀಖು ಬದಲಾಗಬೇಕಾದರೆ ಸಿವಿಲ್ ಕೋರ್ಟಿನ ಡಿಕ್ರಿ ಬೇಕು. ನೋಟರಿ ಅಫಿಡವಿಟ್ಟಿನಲ್ಲಿ ಆಗುತ್ತದೆ ಅಂತ ಪೇಟೆಯಲ್ಲಿ ಒಬ್ಬ ಏಜೆಂಟ್ ಹೇಳಿ ಎರಡು ಸಾವಿರ ಕೇಳಿದ, ಕೊಡಲಿಲ್ಲ. ವಕೀಲರು ಕಾಗದಗಳನ್ನೆಲ್ಲ ಮೇಜಿನ ಮೇಲೆ ಹರಡಿ ನೋಡಿ ಹೇಳಿದ್ದು ಇಷ್ಟು: ಜನನ ರಿಜಿಸ್ಟರೇ ನಮ್ಮ ಬಲ, ಯಾಕೆಂದರೆ ಅದು ಹುಟ್ಟಿದ ತಿಂಗಳೇ ಬರೆದದ್ದು, ಆಗ ಯಾರಿಗೂ ಜಾವೆಲಿನ್ನೂ ಗೊತ್ತಿರಲಿಲ್ಲ, ಯೂಜೀನೂ ಗೊತ್ತಿರಲಿಲ್ಲ. ಹೆಸರಿಲ್ಲದ ಆ 'ಗಂಡು' ಇವನೇ ಅಂತ ತೋರಿಸಬೇಕು. ಆ ದಂಪತಿಗೆ ಇವನಲ್ಲದೆ ಇನ್ನೊಬ್ಬ ಮಗ ಹುಟ್ಟಿದ್ದು 2010ರಲ್ಲಿ, ಅವನದ್ದು ಕಾರವಾರದಲ್ಲೇ ಆಸ್ಪತ್ರೆ ಹೆರಿಗೆ, ಕಾಗದ ಪಕ್ಕಾ. ಅಕ್ಕೋರು ಸಾಕ್ಷಿ ಹೇಳಲು ಒಪ್ಪಿದ್ದಾರೆ. ತಾರೀಖು ಸರಿ ಅಂತ ಘೋಷಿಸಬೇಕು, ರಿಜಿಸ್ಟರಿನಲ್ಲಿ ಹೆಸರನ್ನೂ ಸೇರಿಸಬೇಕು ಅಂತ ಎರಡನ್ನೂ ಒಂದೇ ದಾವೆಯಲ್ಲಿ ಕೇಳೋಣ ಅಂದರು.

ದಾವೆ ಹಾಕಿದ್ದು 2025ರ ಜೂನ್‌ನಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ, 61 ದಿನ ಅಪ್ಪ ದಡದಲ್ಲಿರುತ್ತಾರೆ. ಓಡಾಡಲು ಸಮಯ ಇರುವುದು ಆಗಲೇ, ಕೈಯಲ್ಲಿ ದುಡ್ಡಿಲ್ಲದಿರುವುದೂ ಆಗಲೇ. ವಕೀಲರು ಅರ್ಧ ಫೀಸು ಆಗಸ್ಟ್‌ಗೆ ಕೊಡಿ ಅಂದರು. ವಕಾಲತ್ತಿಗೆ ಸಹಿ ಹಾಕುವಾಗ ಹುಡುಗ ಕೇಳಿದ, ಇಲ್ಲಿ ವಯಸ್ಸು ಎಷ್ಟು ಬರೆಯಬೇಕು ಅಂತ. ವಕೀಲರು ಕನ್ನಡಕ ತೆಗೆದು ನಕ್ಕರು. ಅದೃಷ್ಟಕ್ಕೆ ಅವತ್ತು ಎರಡೂ ಲೆಕ್ಕದಲ್ಲಿ 18 ದಾಟಿತ್ತು.

ಈ ಪ್ರಕರಣ ಹಿಡಿದುಕೊಂಡು ನಾನು ಶಾಲೆಯಲ್ಲಿ ಒಂದೇ ಒಂದು ಬದಲಾವಣೆ ಮಾಡಿದ್ದೇನೆ. ಎಂಟನೇ ಇಯತ್ತೆಗೆ ಹೊಸದಾಗಿ ಬರುವ ಮಕ್ಕಳ ಪಟ್ಟಿಯಲ್ಲಿ ಜೂನ್ 1 ಕಂಡರೆ ಆಯಿಗೋ ಅಪ್ಪನಿಗೋ ಫೋನು ಮಾಡಿ ಯಾವ ಹಬ್ಬದ ಹತ್ತಿರ ಹುಟ್ಟಿದ್ದು ಅಂತ ಕೇಳುತ್ತೇನೆ. ತಾರೀಖು ಕೇಳಿದರೆ ಶಾಲೆಯದ್ದೇ ಹೇಳುತ್ತಾರೆ, ಹಬ್ಬ ಕೇಳಿದರೆ ನಿಜ ಬರುತ್ತದೆ. ಈ ವರ್ಷ ಕೇಳಿದ ಐದರಲ್ಲಿ ಒಬ್ಬಳು ಮಾತ್ರ ನಿಜವಾಗಿಯೂ ಜೂನ್ 1ಕ್ಕೇ ಹುಟ್ಟಿದವಳು, ಅವಳ ಅಪ್ಪ "ಮಳೆ ಸುರುವಾದ ದಿನ ಮಾಸ್ತರೆ, ಆಸ್ಪತ್ರೆಗೆ ಹೋಗುವಾಗ ರಿಕ್ಷಾ ಹುಗಿದಿತ್ತು" ಅಂತ ಅರ್ಧ ಗಂಟೆ ಕಥೆ ಹೇಳಿದರು. ಉಳಿದವರ ವಿಷಯದಲ್ಲಿ ಪಾಲಕರಿಗೆ ಹೇಳಿ ಜನನ ರಿಜಿಸ್ಟರ್ ತೆಗೆಸುತ್ತಿದ್ದೇನೆ. ಅದರಲ್ಲಿ ಒಬ್ಬನ ವಯಸ್ಸು ಕಾಗದಕ್ಕಿಂತ ಜಾಸ್ತಿ ಇರುವ ಹಾಗೆ ಕಾಣುತ್ತದೆ, ಒಳ್ಳೆ ಓಟಗಾರ. ಅದನ್ನೂ ಸರಿ ಮಾಡಿಸಬೇಕು, ಒಂದೇ ಕಡೆಗೆ ತಿದ್ದಿದರೆ ನಕ್ಕ ಮಾಸ್ತರರ ಮಾತೇ ನಿಜವಾಗುತ್ತದೆ.

ಆಗಸ್ಟ್ ಬಂತು, ಬೋಟುಗಳು ಇಳಿದವು. ಮೊದಲ ವಿಚಾರಣೆಗೆ ಎದುರು ಕಡೆಯವರು ಸಮಯ ಕೇಳಿದರು. ಎರಡನೆಯದಕ್ಕೂ ಅಷ್ಟೇ. ಸೆಪ್ಟೆಂಬರಿನಲ್ಲಿ ಹುಡುಗನ ಮೊಣಕೈ ಪೂರ್ತಿ ಸರಿಯಾಗಿ, ಮೈದಾನದ ಆ ಬದಿಯ ಕ್ರಿಕೆಟ್ ಹುಡುಗರನ್ನು ಕೂಗಿ ಸರಿಸಿ, ಒಂದು ಸಂಜೆ ಸತತ ನಾಲ್ಕು ಎಸೆತ 58 ದಾಟಿಸಿದ. ನಾನು ಟೇಪು ಎರಡು ಸಲ ಹಿಡಿದೆ, ನಂಬಿಕೆ ಬಾರದೆ.

ಮೊನ್ನೆ ಮತ್ತೆ ಜೂನಿಯರ್ ಕೂಟದ ಫಾರ್ಮು ಬಂತು. ಅದೇ ಕೊಠಡಿ, ಅದೇ ಮೇಜು. 2025ರ ಮಟ್ಟಿಗೆ ಯಾವ ತಾರೀಖು ಬರೆದರೂ ಅವನು 20ರೊಳಗೇ. ಫೋನು ಬಂತು, ಅಪ್ಪ, ಬಂದರಿನಿಂದ. ಹಿಂದೆ ಎಂಜಿನ್ ಸದ್ದು. "ಮಾಸ್ತರೆ, ತಾರೀಖು ಮುಂದೆ ಹೋಯ್ತಂತೆ, ವಕೀಲ್ರು ಹೇಳಿದ್ರು."

ಹುಡುಗ ಎದುರಿಗೆ ನಿಂತಿದ್ದ. "ಸರ್, ಹುಟ್ಟಿದ ತಾರೀಖು ಯಾವುದು ಹಾಕೋದು?"

ಪೆನ್ನು ತಗೊಂಡು ನಾನೇ ಬರೆದೆ. 01-06-2006.